ಮುಖಕ್ಕೆ ಕೊಟ್ಟ ಬೆಳಕು

ಫೋಟೋ ಕೈಗೆ ಬಂದಾಗ ಅಬ್ದುಲರೌಫನಿಗೆ ಮೊದಲು ಅನ್ನಿಸಿದ್ದು ನೆಮ್ಮದಿ. ನಾಚಿಕೆ ಅದರ ಬೆನ್ನಿಗೇ ಬಂತು, ತಡವಾದ ಬಸ್ಸಿನ ಹಿಂದೆಯೇ ಮುಂದಿನ ಹೊತ್ತಿನ ಬಸ್ಸೂ ಬಂದು ನಿಲ್ಲುವಂತೆ. ಆದರೆ ಮೊದಲು ಬಂದದ್ದು ನೆಮ್ಮದಿಯೇ, ಮತ್ತು ಅದನ್ನು ತನ್ನಿಂದ ತಾನೇ ಬಚ್ಚಿಟ್ಟುಕೊಳ್ಳುವ ವಯಸ್ಸನ್ನು ಅವನು ದಾಟಿ ಬಹಳ ಕಾಲವಾಗಿತ್ತು. ಕೊಪ್ಪಳದ ಪೇಟೆಯ ಆ ಇಕ್ಕಟ್ಟಾದ ಸ್ಟುಡಿಯೋದಲ್ಲಿ, ಗಾಜಿನ ಮೇಜಿನ ಆಚೆ ನಿಂತಿದ್ದ ಗವಿಸಿದ್ದೇಶ ಚೌಕಟ್ಟನ್ನು ತನ್ನ ಅಂಗಿಯ ತುದಿಯಿಂದ ಇನ್ನೊಮ್ಮೆ ಒರೆಸಿ, ಮಾಡಿದ ಉಪಕಾರವನ್ನು ಹೇಳಿಕೊಳ್ಳದೆ ಇರಲಾರದ ಒಳ್ಳೆಯ ಮನುಷ್ಯನ ಸಂಕೋಚದಲ್ಲಿ ಹೇಳಿದ:

“ಹುಡುಗನ ಮಾರಿ ಭಾಳ ಡಾರ್ಕ್ ಬಂದಿತ್ರಿ ಚಾಚಾ. ಮೊಬೈಲ್ ಫೋಟೋ ನೋಡ್ರಿ, ಬೆನ್ನ ಹಿಂದ ಬಿಸಿಲಿದ್ರ ಹಂಗಾಗ್ತದ. ಒಂದೀಟು ಬೆಳಕು ಕೊಟ್ಟೀನಿ. ಅದಕ್ಕೇನ್ ಬ್ಯಾರೆ ರೊಕ್ಕ ಇಲ್ಲ, ಬಿಡ್ರಿ.”

ಚೌಕಟ್ಟಿನೊಳಗೆ ಸಬೀನಾ ಇದ್ದಳು. ಸಮುದ್ರದ ದಂಡೆಯ ಬೆಂಚಿನ ಮೇಲೆ, ಗಾಳಿಗೆ ಹಾರುವ ದುಪಟ್ಟಾವನ್ನು ಒಂದು ಕೈಯಲ್ಲಿ ಹಿಡಿದುಕೊಂಡ ಅವನ ಮಗಳು. ಅವಳ ಹೆಗಲ ಮೇಲೆ ಕೈಯಿಟ್ಟು ಕೂತಿದ್ದವನು ಅವಳನ್ನು ಮದುವೆಯಾಗಲಿರುವ ಇಬ್ರಾಹೀಮನಾಗಿರಬೇಕಿತ್ತು. ಅಗಲವಾದ ಹಣೆ, ತುಂಬಿದ ತುಟಿ, ನಕ್ಕಾಗ ಒಂದೇ ಕೆನ್ನೆಯಲ್ಲಿ ಬೀಳುವ ಗುಳಿ ಎಲ್ಲವೂ ಇಬ್ರಾಹೀಮನವೇ. ಬಣ್ಣ ಮಾತ್ರ ಸ್ಟುಡಿಯೋದ ಗೋಡೆಯ ಮೇಲೆ ತೂಗುಬಿದ್ದಿದ್ದ ಉಳಿದ ಮದುಮಕ್ಕಳದು. ಕುಷ್ಟಗಿಯ ಮದುಮಗ, ನವಲಿಯ ಮದುಮಗ, ಯಲಬುರ್ಗಿಯ ಮದುಮಗ, ಎಲ್ಲರಿಗೂ ಅದೇ ಒಂದು ಗೋಧಿಬಣ್ಣ. ಹೊಲದಲ್ಲಿ, ಗ್ಯಾರೇಜಿನಲ್ಲಿ, ಅಕ್ಕಿಯ ಮಿಲ್ಲಿನಲ್ಲಿ ಬೆಂದ ಮುಖಗಳನ್ನೆಲ್ಲ ಗವಿಸಿದ್ದೇಶ ಮದುವೆಯ ಒಂದು ದಿನದ ಮಟ್ಟಿಗೆ ಬಿಸಿಲಿನಿಂದ ಒಳಗೆ ಕರೆದು ಕೂರಿಸಿದ್ದ. ಎಲ್ಲರಿಗೂ ಮಾಡಿದ್ದನ್ನೇ ಇಬ್ರಾಹೀಮನಿಗೂ ಮಾಡಿದ್ದ. ಅದರಲ್ಲಿ ಅವಮಾನದ ಉದ್ದೇಶ ಎಳ್ಳಷ್ಟೂ ಇರಲಿಲ್ಲ, ಕಷ್ಟವಿದ್ದದ್ದೇ ಅಲ್ಲಿ. ‘ಇದು ಬಿಸಿಲಿನ ತಪ್ಪಲ್ಲಪ್ಪಾ, ಅವನು ಇರುವುದೇ ಹಾಗೆ, ಮೊದಲಿನಂತೆ ಮಾಡಿಕೊಡು’ ಎಂಬ ಒಂದು ವಾಕ್ಯ ಸಾಕಾಗಿತ್ತು. ವಾಕ್ಯ ಅಚ್ಚಿನಲ್ಲಿ ಎರಕಹೊಯ್ದಂತೆ ಬಾಯೊಳಗೆ ಸಿದ್ಧವಾಗಿಯೂ ಇತ್ತು.

“ಛಲೋ ಆಗೈತಪಾ,” ಅಂದ ರೌಫ.

ಹಳೆಯ ಪತ್ರಿಕೆಯಲ್ಲಿ ಸುತ್ತಿದ ಚೌಕಟ್ಟನ್ನು ಕಂಕುಳಲ್ಲಿ ಅವುಚಿಕೊಂಡು ಬೀದಿಗಿಳಿದಾಗ ತಾನು ಈಗಷ್ಟೇ ಏನು ಮಾಡಿದೆ ಎನ್ನುವುದು ಅವನಿಗೆ ಬಿಡಿಬಿಡಿಯಾಗಿ ತಿಳಿಯತೊಡಗಿತು. ತನ್ನ ಮೊಬೈಲಿನಲ್ಲಿದ್ದ ಫೋಟೋ ಮಾತಾಡಲಿ ಎಂದೇ ಅವನು ಅದನ್ನು ಮಾಡಿಸಲು ಕೊಟ್ಟಿದ್ದ. ಊರಿಗೆ ಬಂದು ವಾರಗಳೇ ಕಳೆದರೂ ಬಾಯಿಂದ ಹೇಳುವುದಾಗಿರಲಿಲ್ಲ. ನಾಳೆ ಸಂಜೆ ಹೈದರಾಬಾದಿಗೆ ಹೋಗಿ ವಿಮಾನ ಹತ್ತಬೇಕು. ಅಕ್ಕನ ಕೈಯಲ್ಲಿ ಚೌಕಟ್ಟನ್ನು ಇಟ್ಟುಬಿಟ್ಟರೆ ಉಳಿದದ್ದನ್ನು ಅದೇ ಹೇಳಿಕೊಳ್ಳುತ್ತದೆ, ತಾನು ಅಂಗಳದ ನಲ್ಲಿಯಲ್ಲಿ ಕಾಲು ತೊಳೆಯುವ ನೆಪದಲ್ಲಿ ಆಚೆ ನಿಂತಿದ್ದರಾಯಿತು ಎಂದು ಲೆಕ್ಕ ಹಾಕಿದ್ದ. ಈಗ ಆ ಹೇಡಿಯ ಉಪಾಯವೂ ಕೈಬಿಟ್ಟುಹೋಗಿತ್ತು. ಹೊರಡುವ ಮುನ್ನಾದಿನ ಇಂಗ್ಲೆಂಡಿನ ಮನೆಯ ಅಡುಗೆಮನೆಯಲ್ಲಿ, ಕಿಟಕಿಯ ಆಚೆ ಸದಾ ಸುರಿಯುವ ಆ ಬಣ್ಣಗೆಟ್ಟ ಮಳೆಯಲ್ಲಿ, ಸಬೀನಾ ತಟ್ಟೆಗಳನ್ನು ಒರೆಸಿಡುತ್ತ ಹೇಳಿದ್ದಳು: ಫುಪ್ಪುಗೆ ನೀನೇ ಹೇಳಿ ಬಾ, ಇಬ್ರಾಹೀಮ್ ಯಾರು, ಯಾವ ದೇಶದವನ ಮಗ, ಹೇಗಿದ್ದಾನೆ, ಎಲ್ಲವನ್ನೂ. ನಾನು ಫೋಟೋ ಕಳಿಸುವುದಿಲ್ಲ, ನೀನು ಹೇಳುವವರೆಗೆ. ಹೇಳಲು ನಿನಗೆ ಆಗದಿದ್ದರೆ ನಿಕಾಹ್‌ನಲ್ಲಿ ನನ್ನ ವಲೀ ಆಗಿ ಕೂರಬೇಡ. ಇಮಾಮ್ ಸಾಹೇಬರನ್ನು ಕೇಳಿದ್ದೇನೆ, ಅವರು ಕೂರುತ್ತಾರೆ. ಸಿಟ್ಟಿರಲಿಲ್ಲ ಅವಳ ದನಿಯಲ್ಲಿ. ಅದಕ್ಕೇ ಅದು ನಿಜವೆಂದು ಅವನಿಗೆ ತಿಳಿದಿತ್ತು. ಮಗಳ ಪರವಾಗಿ ಎದುರು ಕೂತು, ಅವಳನ್ನು ಇನ್ನೊಬ್ಬನಿಗೆ ಒಪ್ಪಿಸಿಕೊಡುವ ಆ ಒಂದು ಗಳಿಗೆಯ ಜಾಗಕ್ಕಾಗಿ ಒಬ್ಬ ತಂದೆ ಮಗಳು ಹುಟ್ಟಿದ ದಿನದಿಂದ ಕಾದಿರುತ್ತಾನೆ ಎನ್ನುವುದು ಅವಳಿಗೂ ತಿಳಿದಿತ್ತು. ತಾಯಿ ನಾಹೀದಾ ಈಗಿಲ್ಲ. ಅವಳು ಮೊದಲ ಸಲ ಆಸ್ಪತ್ರೆ ಸೇರಿದಾಗ ಏಳು ವರ್ಷದ ಸಬೀನಾಳನ್ನು ಕರೆತಂದು ಕೊಪ್ಪಳದ ಮಗ್ಗುಲಲ್ಲೇ ಇರುವ ಭಾಗ್ಯನಗರದಲ್ಲಿ ಅಕ್ಕನ ಬಳಿ ಬಿಟ್ಟಿದ್ದ. ಒಂದು ವರ್ಷ ಅವಳನ್ನು ಮಡಿಲಲ್ಲಿಟ್ಟುಕೊಂಡವಳು ಈ ಸೋದರತ್ತೆ, ಅವಳ ಫುಪ್ಪು, ಶಾಹಜಾದಬಿ. ತನಗೆ ಅರಿಶಿಣ ಹಚ್ಚುವ ಕೈ ಆ ಕೈಯೇ ಆಗಬೇಕೆಂದು ಸಬೀನಾಳ ಹಟ. ಆದರೆ ಯಾರಿಗೆ ಕೊಡುತ್ತಿದ್ದೇವೆಂದು ತಿಳಿದು ಹಚ್ಚಬೇಕು.

ಇಬ್ರಾಹೀಮನಲ್ಲಿ ಕೊರತೆ ಹುಡುಕಿ ಹುಡುಕಿ ರೌಫ ಸೋತಿದ್ದ. ಗ್ಯಾಂಬಿಯಾ ಎಂಬ ದೇಶದಿಂದ ಬಂದ ಮನೆತನ, ಐದು ಹೊತ್ತಿನ ನಮಾಜು, ಆಸ್ಪತ್ರೆಯಲ್ಲಿ ಮುರಿದ ಮೂಳೆಯವರನ್ನು ಮತ್ತೆ ನಡೆಯಲು ಕಲಿಸುವ ಕೆಲಸ. ಇದೇ ಹುಡುಗ ತುರ್ಕಿಯವನೋ ಸಿರಿಯಾದವನೋ ಆಗಿದ್ದರೆ ಗಂಗಾವತಿಯಿಂದ ಯಲಬುರ್ಗಿಯವರೆಗೆ ಹರಡಿದ್ದ ಬಳಗಕ್ಕೆಲ್ಲ ತಾನೇ ಫೋನು ಮಾಡಿ, ‘ಅವರ ಕಡೆಯವರು ಬಾದಾಮಿಯಂಥ ಬಣ್ಣದ ಜನ’ ಎಂದು ಹೇಳಿರುತ್ತಿದ್ದೆ ಎಂಬುದು ಅವನಿಗೆ ಗೊತ್ತಿತ್ತು. ಇಬ್ರಾಹೀಮನ ತಾಯಿ ಮೊದಲ ಸಲ ಮನೆಗೆ ಬಂದ ದಿನ ಅವನು ನೋಡಿದ್ದು ಆಕೆಯ ತಲೆಯನ್ನು. ಸಣ್ಣ ಸಣ್ಣ ಹೆರಳುಗಳಾಗಿ ಹೆಣೆದು ಎತ್ತಿ ಕಟ್ಟಿದ್ದ ಆ ಕೂದಲು, ಕೂದಲಿನ ವ್ಯಾಪಾರಕ್ಕೆ ಹೆಸರಾದ ಭಾಗ್ಯನಗರದಿಂದಲೇ ಬಂದದ್ದಿರಬಹುದೇ ಎಂಬ ಯೋಚನೆ ಹಾದು, ನಗೆಯ ಮಾತಾಗಿ ನಾಲಿಗೆಯ ತುದಿಗೂ ಬಂದು, ಆಕೆ ‘ಅಣ್ಣಾ’ ಎಂಬಷ್ಟು ಗೌರವದಿಂದ ತನ್ನ ಆರೋಗ್ಯ ವಿಚಾರಿಸಿದಾಗ ಗಂಟಲಲ್ಲೇ ಸತ್ತಿತ್ತು. ಆ ದಿನ ಅವನು ಅಗತ್ಯಕ್ಕಿಂತ ಹೆಚ್ಚು ಉಪಚಾರ ಮಾಡಿದ್ದ. ಹೆಚ್ಚು ಉಪಚಾರ ಏನನ್ನು ಮುಚ್ಚುತ್ತದೆ ಎನ್ನುವುದನ್ನು ಮೂವತ್ತು ವರ್ಷ ಬಿಳಿಯರ ಕೈಯಿಂದ ಅದನ್ನು ಉಂಡವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

“ಏ ಲಂಡನ್ ರೌಫಾ! ಬಾರಲೇ ಇಲ್ಲಿ. ನಿನ್ನ ದಾರೀನ ಕಾಯಾಕತ್ತೀವಿ.”

ಚಹಾದ ಅಂಗಡಿಯ ಬೆಂಚಿನಿಂದ ಕೂಗಿದವನು ಹನುಮಂತಪ್ಪ, ಹೈಸ್ಕೂಲಿನಲ್ಲಿ ಒಂದೇ ಬೆಂಚಿನಲ್ಲಿ ಕೂತವನು, ಈಗ ಗೊಬ್ಬರದ ಅಂಗಡಿಯ ಯಜಮಾನ. ರೌಫ ಬಸ್ಸು ಓಡಿಸಿದ್ದು ಇಂಗ್ಲೆಂಡಿನ ಉತ್ತರದ ಒಂದು ಮಂಕು ಊರಿನಲ್ಲಿ; ಲಂಡನ್ನನ್ನು ಅವನು ನೋಡಿದ್ದು ಬೆರಳೆಣಿಕೆಯಷ್ಟು ಸಲ. ಅದನ್ನು ತಿದ್ದುವುದನ್ನು ಅವನು ಯಾವಾಗಲೋ ಬಿಟ್ಟಿದ್ದ. ಹನುಮಂತಪ್ಪನ ಪಕ್ಕದಲ್ಲಿ ಅಯ್ಯಪ್ಪನೆಂಬ ಟ್ರ್ಯಾಕ್ಟರ್ ಬಿಡಿಭಾಗದ ವ್ಯಾಪಾರಿ ಮೊಬೈಲನ್ನು ಎತ್ತಿ ಹಿಡಿದು ಕೂತಿದ್ದ.

“ಇದನ್ನ ನೋಡ್ರಿ ಸಾಹೇಬ್ರ. ನಮ್ಮ ಹುಡುಗನ್ನ ನಡು ರಸ್ತೆದಾಗ ಹಾಕ್ಕೊಂಡು ಬಡದಾರ. ನಿನ್ನ ದೇಶಕ್ಕ ಹೋಗು ಅಂತಾರ. ಖರೇನಾ ಇದು?”

“ಖರೇ ಐತ್ರಿ,” ಅಂದ ರೌಫ.

ಅಷ್ಟಕ್ಕೆ ಬಿಡುವವರಲ್ಲ. ಅವರಿಗೆ ಬೇಕಾದದ್ದು ಅವನ ಅಭಿಪ್ರಾಯ. ಹಳೆಯ ಗೆಳೆಯರ ವಾಟ್ಸಾಪ್ ಬಳಗದಲ್ಲಿ ವಾರಕ್ಕೊಮ್ಮೆ ಅವನು ಧ್ವನಿ ಮುದ್ರಿಸಿ ಕಳಿಸುತ್ತಿದ್ದ ‘ಆಚೆ ದೇಶದ ಸುದ್ದಿ’ಗೆ ಕೊಪ್ಪಳದಲ್ಲಿ ಕೇಳುಗರಿದ್ದರು. ಅಲ್ಲಿ ಮಸೀದಿಯ ಕಿಟಕಿಗೆ ಕಲ್ಲು ಬಿದ್ದ ವಾರ, ದೀಪದ ಕಂಬಕಂಬಕ್ಕೂ ಹೊರಗಿನವರನ್ನು ಹೆದರಿಸಲು ರಾತ್ರೋರಾತ್ರಿ ಬಾವುಟ ಏರಿದ ವಾರ, ಅವನು ಬಹಳ ಚೆನ್ನಾಗಿ ಮಾತಾಡಿದ್ದನೆಂದು ಎಲ್ಲರೂ ಹೇಳಿದ್ದರು. ಈಗಲೂ ಬಸಿಯ ಚಹಾ ಆರುತ್ತಿದ್ದಂತೆ ಮಾತು ತಾನಾಗಿ ಹೊರಟಿತು. ಬಾಯಿಬಿಟ್ಟು ಬೈದವನ ಮುಖ ಒಂದು ವಾರದಲ್ಲಿ ಮರೆತುಹೋಗುತ್ತದೆ. ಚಿಲ್ಲರೆಯನ್ನು ನಿಮ್ಮ ಕೈಗೆ ಮುಟ್ಟಿಸದೆ ಮೇಲಿನಿಂದ ಬೀಳಿಸುವವನ ಬೆರಳು ಮರೆಯುವುದಿಲ್ಲ ಎಂದ. ತುಂಬಿದ ಬಸ್ಸಿನಲ್ಲಿ ನಿಮ್ಮ ಪಕ್ಕದ ಸೀಟೊಂದೇ ಖಾಲಿ ಉಳಿಯುವುದರ ಸದ್ದು ನಿಮಗೊಬ್ಬರಿಗೇ ಕೇಳುತ್ತದೆ ಎಂದ. ಆದರೆ ಎಲ್ಲರೂ ಹಾಗಲ್ಲ. ಕಲ್ಲು ಬಿದ್ದ ಮರುದಿನ ಪಕ್ಕದ ಮನೆಯ ಮುದುಕಿ ಊರುಗೋಲಿನ ಮೇಲೆ ಬಂದು ಒಡೆದ ಗಾಜನ್ನು ಗುಡಿಸಿದಳು, ಅದನ್ನೂ ಹೇಳಬೇಕು ಎಂದ. ಕೆಲಸ ಸಿಗದ ಊರಿನಲ್ಲಿ ಹುಡುಗರಿಗೆ ಯಾರಾದರೂ ಒಬ್ಬ ಶತ್ರುವನ್ನು ತೋರಿಸಿಕೊಡುತ್ತಾರೆ, ತೋರಿಸುವವರು ಬೇರೆ, ಹೊಡೆಯುವವರು ಬೇರೆ ಎಂದ. ಯಾವುದೂ ಸುಳ್ಳಲ್ಲ. ಆದರೂ ತನ್ನ ದನಿ ತನಗೇ ಇನ್ನೊಬ್ಬರ ಮನೆಯ ರೇಡಿಯೋದಂತೆ ಗೋಡೆಯಾಚೆಯಿಂದ ಕೇಳುತ್ತಿತ್ತು.

“ಇಷ್ಟಾದ್ರೂ ಅಲ್ಲೇ ಯಾಕಿರ್ತೀಯಲೇ? ಬಂದುಬಿಡು,” ಅಂದ ಹನುಮಂತಪ್ಪ. “ಸಿದ್ದಾಪುರದ ಕಡೆ ಒಂದೀಟು ಗದ್ದಿ ಹಿಡಿ. ಸೊಸೈಟಿ ಎಲೆಕ್ಷನ್ನಿಗೆ ನಿಲ್ಲಸ್ತೀನಿ ನಿನ್ನ.”

“ನಿಂತ್ರ ನೀ ವೋಟ್ ಹಾಕ್ತೀ ಏನು?”

“ಅದು ಬ್ಯಾರೆ, ದೋಸ್ತಿ ಬ್ಯಾರೆ!” ಹನುಮಂತಪ್ಪ ಅವನ ತೊಡೆಗೆ ಬಡಿದು ನಕ್ಕ. “ಅದಿರ್ಲಿ, ಮಗಳ ಲಗ್ನ ಅಂತಲ್ಲ. ಬಿಳಿ ಅಳಿಯ ಸಿಕ್ಕಾನೇನು?”

“ಇಲ್ಲೋ ಮಾರಾಯ. ನಮ್ಮವನ ಅದಾನ.”

“ಅಷ್ಟರ ಮಟ್ಟಿಗೆ ಪುಣ್ಯಾ ಮಾಡಿ. ಆ ಕರ್ರನ್ನ ಮಂದ್ಯಾಗಿನವನ್ನ ಯಾವನ್ನರ ತಂದು ಕುಂದ್ರಸ್ಲಿಲ್ಲಲ್ಲ, ಸಾಕು ಬಿಡು.”

ಅಯ್ಯಪ್ಪ ಎಲ್ಲರಿಗಿಂತ ಜೋರಾಗಿ ನಕ್ಕ. ಅವನ ಮೊಬೈಲಿನಲ್ಲಿ ‘ನಮ್ಮ ಹುಡುಗ’ನನ್ನು ಬಡಿಯುವುದು ಇನ್ನೂ ಮುಗಿದಿರಲಿಲ್ಲ. ‘ನಮ್ಮವನ’ ಎಂಬ ಮಾತಿನಲ್ಲಿ ಸುಳ್ಳೇನಿಲ್ಲ ಎಂದು ರೌಫ ಯೋಚಿಸಿದ. ನಮಾಜಿಗೆ ಒಂದೇ ಕಿಬ್ಲಾದ ಕಡೆ ಬಾಗುವವನು ನಮ್ಮವನೇ. ಸತ್ಯವನ್ನು ಈ ಅಳತೆಗೆ ಕತ್ತರಿಸಿಕೊಳ್ಳಲು ತಾನು ಎಲ್ಲಿ ಕಲಿತೆ? ತೊಡೆಯ ಮೇಲಿದ್ದ ಪತ್ರಿಕೆಯ ಕಟ್ಟನ್ನು ಮಗುಚಿ ಇಟ್ಟುಕೊಂಡ.

ಭಾಗ್ಯನಗರದ ಕಡೆ ಹೋಗುವ ಆಟೋದಲ್ಲಿ ರೈಲು ಹಳಿಯ ಮೇಲಿನ ಸೇತುವೆ ಏರುವಾಗ ಗಾಳಿ ಬಿಸಿಯಾಗಿ ಮುಖಕ್ಕೆ ಹೊಡೆಯಿತು. ಇಂಗ್ಲೆಂಡಿನ ಆ ಬಸ್ ಡಿಪೋದ ಕ್ಯಾಂಟೀನಿನಲ್ಲಿ ಎರಡು ಮೇಜುಗಳಿದ್ದವು, ಬಿಳಿಯರದೊಂದು, ಈ ಕಡೆಯಿಂದ ಹೋದವರದೊಂದು. ಹಾಗೆಂದು ಯಾರೂ ಬರೆದು ಅಂಟಿಸಿರಲಿಲ್ಲ, ಆದರೂ ಇದ್ದವು. ಘಾನಾದಿಂದ ಬಂದಿದ್ದ ಸ್ಯಾಮ್ಯುಯೆಲ್ ಎಂಬ ಚಾಲಕ ಮೊದಲ ದಿನ ತನ್ನ ಊಟದ ಡಬ್ಬಿ ಹಿಡಿದು ಎಲ್ಲಿ ಕೂರಲೆಂದು ನಿಂತಾಗ ರೌಫ ತನ್ನ ಪಕ್ಕದ ಕುರ್ಚಿಯ ಮೇಲಿದ್ದ ಕೋಟನ್ನು ತೆಗೆಯಲಿಲ್ಲ. ಅದೇನು ಯೋಚಿಸಿ ಮಾಡಿದ್ದಲ್ಲ. ಕೋಟು ಅಲ್ಲಿತ್ತು, ಅಲ್ಲೇ ಉಳಿಯಿತು. ಅದರ ಹಿಂದಿನ ವಾರವೋ ಮುಂದಿನ ವಾರವೋ ಒಬ್ಬ ಬಿಳಿಯ ಮೇಲ್ವಿಚಾರಕ, ನಿಮ್ಮವರು ಹಾಗಲ್ಲ, ನಿಮ್ಮವರು ದುಡಿಯುವ ಜನ ಎಂದಿದ್ದ. ಆ ವಾಕ್ಯವನ್ನು ರೌಫ ಚಳಿಗಾಲದುದ್ದಕ್ಕೂ ಬಿಸಿನೀರಿನ ಚೀಲದಂತೆ ಒಳಗಿಟ್ಟುಕೊಂಡಿದ್ದ. ಸ್ಯಾಮ್ಯುಯೆಲನ ಮೇಲೆ ಯಾರೋ ಉಗುಳಿದರೆಂದು ಸುದ್ದಿ ಬಂದ ದಿನ ಎಲ್ಲರಂತೆ ಅವನೂ ಛೆ ಎಂದ. ಆ ಛೆಯ ಅಡಿಯಲ್ಲಿ, ಕೆಳಗಿನ ಮೆಟ್ಟಿಲೊಂದಿದೆ, ಅದರ ಮೇಲೆ ಇನ್ನೊಬ್ಬ ನಿಂತಿದ್ದಾನೆ ಎಂಬ ಬೆಚ್ಚನೆಯ ಅರಿವೂ ಇತ್ತು. ಇವೆಲ್ಲ ‘ಆಚೆ ದೇಶದ ಸುದ್ದಿ’ಯಲ್ಲಿ ಎಂದೂ ಬಂದಿರಲಿಲ್ಲ. ಆಟೋದವನು ಹಿಂತಿರುಗಿ, “ಎಲ್ಲಿ ನಿಲ್ಲಸಲ್ರಿ?” ಎಂದು ಕೇಳಿದಾಗ ಮನೆ ಆಗಲೇ ಹಿಂದೆ ಉಳಿದಿತ್ತು. ಬಿಸಿಲಿನಲ್ಲಿ ಅಷ್ಟು ದೂರ ನಡೆದು ಬಂದ.

ಅಕ್ಕನ ಮನೆಯ ಪಡಸಾಲೆಯಲ್ಲಿ ಆ ಓಣಿಯ ಮನೆಗಳಲ್ಲೆಲ್ಲ ನಡೆಯುವ ಕೆಲಸವೇ ನಡೆದಿತ್ತು. ಊರೂರಿನ ಹೆಂಗಸರ ಬಾಚಣಿಗೆಯಿಂದ ಉದುರಿ, ಉಂಡೆಯಾಗಿ, ಮೂಟೆಯಲ್ಲಿ ಬಂದ ಕೂದಲನ್ನು ಶಾಹಜಾದಬಿ ಮತ್ತು ಸೊಸೆ ಮುನ್ನಿ ದಬ್ಬಣದಿಂದ ಸಿಕ್ಕು ಬಿಡಿಸಿ ಎಳೆಎಳೆಯಾಗಿ ಒಪ್ಪ ಮಾಡುತ್ತಿದ್ದರು. ಬಿಳಿಯ ಎಳೆಗಳ ಗುಡ್ಡೆ ಬೇರೆ. ಫ್ಯಾನು ಹಚ್ಚುವಂತಿಲ್ಲ, ಕೂದಲು ಹಾರುತ್ತದೆ. ಇಬ್ಬರ ಹಣೆಯ ಮೇಲೂ ಬೆವರು.

“ಎಷ್ಟೊತ್ತೋ ರೌಫ? ಎರಡ ಸಲ ಚಾ ಕಾಸಿ ಇಳಿಸ್ಯಾಳ ಮುನ್ನಿ.”

“ಹನುಮಂತಪ್ಪ ಸಿಕ್ಕಿದ್ದ, ಆಪಾ.”

“ಅವನ ಬಾಯಿಗೆ ಸಿಕ್ರ ಮುಗೀತು. ಅದೇನದು ಕೈಯಾಗ?”

ಈಗ ಹೇಳಬೇಕು ಎಂದುಕೊಂಡ. ಕಾಗದ ಬಿಚ್ಚುವ ಮೊದಲೇ, ನಿಂತಲ್ಲೇ. ಆದರೆ ಅಕ್ಕ ಆಗಲೇ ಕೈಗಳನ್ನು ಸೆರಗಿಗೆ ಒರೆಸಿಕೊಂಡು ಮಗುವನ್ನು ಇಸಿದುಕೊಳ್ಳುವವಳಂತೆ ಚಾಚಿದ್ದಳು. ಕಾಗದ ಹರಿದ ಸದ್ದಾಯಿತು. ಅವಳು ಚೌಕಟ್ಟನ್ನು ದೂರ ಹಿಡಿದು ನೋಡಿದಳು, ಹತ್ತಿರ ತಂದು ನೋಡಿದಳು. ಸಬೀನಾಳ ಕೆನ್ನೆಯನ್ನು ಗಾಜಿನ ಮೇಲೆ ಸವರಿ, ಬೆರಳುಗಳನ್ನು ತನ್ನ ಹಣೆಯ ಪಕ್ಕ ಒತ್ತಿ ಲಟಲಟನೆ ನೆಟಿಗೆ ತೆಗೆದಳು.

“ಮಾಷಾ ಅಲ್ಲಾ. ನಾಹೀದಾ ನೋಡಬೇಕಿತ್ತು ಇದನ್ನ. ಹುಡುಗ ಛಲೋ ಅದಾನೋ. ಬಣ್ಣ ಒಂಚೂರು ಕಮ್ಮಿ, ಇರ್ಲಿ, ನಮ್ಮ ಮಂದಿ ಏನ್ ಹಾಲಿನ್ಯಾಗ ತೊಳದು ಬಂದಾರೇನು. ನಿನ್ನ ಕಳೀನ ಐತಿ ನೋಡು ಮುಖದಾಗ.”

ಮುನ್ನಿ ಅತ್ತೆಯ ಹೆಗಲ ಮೇಲಿಂದ ಬಾಗಿ ನೋಡಿದಳು. “ಅತ್ತಿ, ಕೈ ನೋಡ್ರಿ. ಕೈ ಯಾಕ ಹಂಗೈತಿ?”

ಮೂವರೂ ನೋಡಿದರು. ಗವಿಸಿದ್ದೇಶ ಮುಖಕ್ಕೆ ಬೆಳಕು ಕೊಟ್ಟಿದ್ದ, ಕೊರಳಿಗೆ ಕೊಟ್ಟಿದ್ದ. ಸಬೀನಾಳ ಹೆಗಲ ಮೇಲಿದ್ದ ಕೈ ಅವನ ಲಕ್ಷ್ಯಕ್ಕೆ ಬಂದಿರಲಿಲ್ಲ. ಹಳದಿಯ ದುಪಟ್ಟಾದ ಮೇಲೆ ಇಬ್ರಾಹೀಮನ ಕೈ ತನ್ನ ನಿಜವಾದ ಬಣ್ಣದಲ್ಲಿ, ಗೆಣ್ಣುಗೆಣ್ಣೂ ಸ್ಪಷ್ಟವಾಗಿ, ಆರಾಮವಾಗಿ ಕೂತಿತ್ತು. ಸ್ಟುಡಿಯೋದಲ್ಲಿ ರೌಫನೂ ಅದನ್ನು ಕಂಡಿರಲಿಲ್ಲ. ಈಗ ಇಡೀ ಚಿತ್ರದಲ್ಲಿ ಜೀವವಿರುವುದು ಅದೊಂದರಲ್ಲೇ ಎಂಬಂತೆ ಕಂಡಿತು. ಇದಕ್ಕಿಂತ ಸುಲಭವಾದ ಬಾಗಿಲು ಇನ್ನೊಂದು ತೆರೆಯಲಾರದು. ಅದರ ಬಣ್ಣವೇ ಅವನ ಬಣ್ಣ ಆಪಾ ಎಂದರೆ ಮುಗಿಯಿತು.

“ಕೈಗವಸು,” ಅಂದ ರೌಫ. “ಅಲ್ಲಿ ಥಂಡಿ ಭಾಳ.”

“ಸಬೀನಾ ಹಾಕಿಲ್ಲಲ್ರಿ ಮಾಮು?”

“ಅಕಿಗೆ ರೂಢಿ ಐತಿ. ಅವನಿಗೆ ಥಂಡಿ ತಡಿಯಂಗಿಲ್ಲ.”

“ಪಾಪ,” ಅಂದಳು ಶಾಹಜಾದಬಿ.

ಆ ‘ಪಾಪ’ ಅವನ ಬೆನ್ನಿನಲ್ಲಿ ನಿಧಾನವಾಗಿ ಇಳಿಯಿತು. ನೀರು ಕುಡಿಯುವ ನೆಪದಲ್ಲಿ ಎದ್ದು ಒಳಗೆ ಹೋಗಿ, ಗಡಿಗೆಯ ಎದುರು ಲೋಟ ಹಿಡಿದು ಸುಮ್ಮನೆ ನಿಂತ. ಬಸ್ಸಿನ ಕಿಟಕಿಗೆ ಮೊಟ್ಟೆ ಬಿದ್ದ ದಿನ ಅದನ್ನು ತಾನೇ ಬಟ್ಟೆ ಹಿಡಿದು ಒರೆಸಿದ್ದ, ಮನೆಗೆ ಬಂದು ನಾಹೀದಾಳಿಗೆ ಹೇಳಿರಲಿಲ್ಲ. ಅಂಥವನ್ನೆಲ್ಲ ಹೇಳದಿರುವುದನ್ನು ಅವನು ಘನತೆ ಎಂದುಕೊಂಡಿದ್ದ. ಹೇಳದಿರುವುದು ಒಂದು ಅಭ್ಯಾಸ; ಅಭ್ಯಾಸಕ್ಕೆ ಘನತೆಯೂ ಒಂದೇ, ಕಳ್ಳತನವೂ ಒಂದೇ. ಹೊರಗೆ ಮುನ್ನಿ, “ಸೆರಗು ಸರಿ ಮಾಡ್ಕೋರಿ ಅತ್ತಿ, ಹಾಂ, ಫೋಟೋ ಎದಿ ಹಂತ್ಯಾಕ ಹಿಡೀರಿ, ನಗ್ರಿ ಒಂದೀಟು” ಎನ್ನುತ್ತಿದ್ದಳು. ಅದರ ಅರ್ಥ ಅವನಿಗೆ ಹೊಳೆದು ಪಡಸಾಲೆಗೆ ಬರುವಷ್ಟರಲ್ಲಿ ಮುನ್ನಿಯ ಹೆಬ್ಬೆರಳು ಮೊಬೈಲಿನ ಮೇಲೆ ಒತ್ತಿಯಾಗಿತ್ತು.

“ಯಾರಿಗೆ ಕಳಿಸಿದೀ?”

“ನಮ್ಮ ಮನೀ ಗ್ರೂಪಿಗ್ರಿ ಮಾಮು. ಎಲ್ಲಾರೂ ನೋಡ್ಲಿ ಅಳಿಯನ್ನ.”

ಗಂಗಾವತಿಯಿಂದ ಮುಬಾರಕ್ ಬಂತು. ಯಲಬುರ್ಗಿಯ ಚಿಕ್ಕಪ್ಪನ ಮನೆಯಿಂದ ಮೂರು ಗುಲಾಬಿ ಬಂದವು. ಯಾರೋ ‘ರಾಜಕುಮಾರನಂಗ ಅದಾನ’ ಎಂದು ಬರೆದರು. ಮುನ್ನಿ ಓದಿ ಹೇಳಿದಳು. ಆ ಗ್ರೂಪಿನಲ್ಲಿ ಸಬೀನಾಳೂ ಇದ್ದಳು. ಅವಳಿರುವಲ್ಲಿ ಈಗ ಬೆಳಗಿನ ಹೊತ್ತು. ರಜೆಯ ದಿನ, ತಡವಾಗಿ ಏಳುತ್ತಾಳೆ, ಅಳಿಸಿಬಿಡು ಎನ್ನಬಹುದು ಮುನ್ನಿಗೆ ಎಂದು ಲೆಕ್ಕಿಸುತ್ತಿರುವಾಗಲೇ ಮೊಬೈಲು ಹಾಡತೊಡಗಿತು. ಮುನ್ನಿ ಅದನ್ನು ಕೂದಲಿನ ಮೂಟೆಗೆ ಆನಿಸಿ ನಿಲ್ಲಿಸಿದಳು. ಪರದೆಯ ತುಂಬ ಸಬೀನಾ.

“ಸಲಾಂ ಫುಪ್ಪು. ಹೆಂಗ ಅದೀ?”

ಅವಳ ಕನ್ನಡ ಈ ಮನೆಯಲ್ಲಿ ಕಲಿತದ್ದು, ಎಂಟು ವರ್ಷಕ್ಕೇ ನಿಂತದ್ದು.

“ಛಲೋ ಅದೀನವ್ವಾ. ನಿನ್ನ ಹುಡುಗನ್ನ ನೋಡಿದೆ, ಕಣ್ಣ ತುಂಬ ಬಂತು. ಅಲ್ಲೇ ಸಬೀ, ಅಷ್ಟು ಥಂಡಿ ಐತೇನ ಅಲ್ಲಿ? ಕೈಗವಸು ಹಾಕ್ಕೊಂಡು ಫೋಟೋ ತೆಗಿಸ್ಯಾನಲ್ಲ, ಪಾಪ.”

“ಏನ್ ಹಾಕ್ಕೊಂಡು?”

ಶಾಹಜಾದಬಿ ಒಂದು ಕೈಯನ್ನು ಇನ್ನೊಂದು ಕೈಯ ಮೇಲೆ ಎಳೆದು ತೋರಿಸಿದಳು. “ಕೈಗೆ ಹಾಕ್ತಾರಲ್ಲ, ಕರೀದು. ನಿಮ್ಮಬ್ಬಾ ಹೇಳಿದ.”

ಸಬೀನಾಳ ಕಣ್ಣು ಕ್ಯಾಮೆರಾದಿಂದ ಸ್ವಲ್ಪ ಕೆಳಗೆ, ಬಹುಶಃ ಆ ಚಿತ್ರದ ಮೇಲೆ ಇತ್ತು. ಆಮೇಲೆ ಪರದೆ ತಿರುಗಿತು. ರೌಫನಿಗೆ ಚೆನ್ನಾಗಿ ಗೊತ್ತಿದ್ದ ಅಡುಗೆಮನೆ ತೂಗಾಡುತ್ತ ಬಂತು, ಅಂಗಿಯ ತೋಳು ಮಡಿಚಿಕೊಂಡು ಈರುಳ್ಳಿ ಹೆಚ್ಚುತ್ತಿದ್ದ ಇಬ್ರಾಹೀಮ ಬಂದ. ಒದ್ದೆ ಕೈ ಎತ್ತಿ, ಕಲಿಸಿಕೊಟ್ಟಷ್ಟನ್ನು ಎಚ್ಚರದಿಂದ, “ಸಲಾಂ, ಫುಪ್ಪು” ಎಂದ. ಸಬೀನಾ ಅವನಿಗೆ ಇಂಗ್ಲಿಷಿನಲ್ಲಿ ತಗ್ಗಿದ ದನಿಯಲ್ಲಿ ಏನೋ ಹೇಳಿದಳು. ಇಬ್ರಾಹೀಮ ತನ್ನ ಕೈಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡ. ಬೆರಳಿನ ತುದಿ ಹಿಡಿದು ಗವಸು ಕಳಚುವವನಂತೆ ಎಳೆದ, ಬರಲಿಲ್ಲ, ಮತ್ತೊಮ್ಮೆ ಎಳೆದ, ಹೆಗಲು ಕುಣಿಸಿ, ಗುಳಿ ಬೀಳುವಂತೆ, ಗಟ್ಟಿಯಾಗಿ ನಕ್ಕ.

ಆ ನಗು ರೌಫನಿಗೆ ಗೊತ್ತಿತ್ತು. ಡಿಪೋದಲ್ಲಿ ಬೆಳಗ್ಗೆ ಅವನ ಊಟದ ಡಬ್ಬಿಯನ್ನು ಮೂಸಿ, ಇವತ್ತು ಬಸ್ಸು ಡೀಸೆಲ್ಲಿನ ಮೇಲಲ್ಲ, ಮಸಾಲೆಯ ಮೇಲೆ ಓಡುತ್ತದೆ ಎಂದು ಯಾರಾದರೂ ಅಂದಾಗ ಮೊದಲು ನಗುತ್ತಿದ್ದವನು ಅವನೇ. ಎದುರಿನವನು ಮುಜುಗರಪಡದಿರಲಿ, ಮಾತು ಬೆಳೆಯದಿರಲಿ, ಉಳಿದ ದಿನ ಸುಸೂತ್ರವಾಗಿ ಸಾಗಲಿ ಎಂದು ತನ್ನ ಕಡೆಯಿಂದಲೇ ಕೊಟ್ಟುಬಿಡುವ ನಗು. ಅದನ್ನು ಕೊಡುವುದು ಎಷ್ಟು ದಣಿವಿನ ಕೆಲಸವೆಂದು ಅವನಿಗೆ ತಿಳಿದಿತ್ತು. ಅದನ್ನು ಇಸಿದುಕೊಳ್ಳುವವನ ಜಾಗದಲ್ಲಿ ಕೂತದ್ದು ಇದೇ ಮೊದಲು, ಮತ್ತು ಆ ಜಾಗ, ಅವನಿಗೆ ಆಶ್ಚರ್ಯವಾಗುವಂತೆ, ಬಹಳ ಮೆತ್ತಗಿತ್ತು.

ಶಾಹಜಾದಬಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಿದ್ದಳು. ತೊಡೆಯ ಮೇಲಿನ ಚಿತ್ರವನ್ನೂ ಪರದೆಯನ್ನೂ ಒಂದಾದ ಮೇಲೊಂದು ನೋಡಿದಳು.

“ಯಾ ಅಲ್ಲಾ. ಭಾಳ ಕರ್ರಗ ಅದಾನಲ್ಲೇ ಸಬೀ.”

“ಹೂಂ ಫುಪ್ಪು. ಭಾಳ.”

“ಜಗತ್ತಿನ್ಯಾಗ ಬ್ಯಾರೆ ಗಂಡಸೂರು ಇರ್ಲಿಲ್ಲೇನು ನಿನಗ?”

“ಇದ್ರು. ಇವ ಛಲೋ ಅದಾನ.”

“ನಮಾಜ?”

“ನನಕಿಂತ ಜಾಸ್ತಿ.”

“ಹೊಡಿಯೂದು ಬಡಿಯೂದು?”

“ಅಡಗಿ ಮಾಡ್ತಾನ ಫುಪ್ಪು.”

“ನೋಡಾಕತ್ತೀನಲ್ಲ. ಉಳ್ಳಾಗಡ್ಡಿ ಹೆಂಗ ಹೆಚ್ಚ್ಯಾನ ನೋಡು, ದನಕ್ಕ ಹಾಕೂವಂಗ. ನಾ ಮಂದಿಗೇನಂತ ಹೇಳ್ಲೇ? ಮೊಮ್ಮಕ್ಕಳು ಹೆಂಗ ಹುಟ್ತಾವಂತ ಕೇಳ್ತಾರ, ಏನ್ ಹೇಳ್ಲಿ? ನಾ ಬರಂಗಿಲ್ಲ ನಿನ್ನ ಲಗ್ನಕ್ಕ.”

“ಬರ್ತೀ.”

“ಬರಂಗಿಲ್ಲ ಅಂದ್ನೆಲ್ಲ.”

“ನೀ ಬರ್ತೀ ಫುಪ್ಪು,” ಎಂದು ಸಬೀನಾ ಅಳುತ್ತ ಅಂದಳು. ಫುಪ್ಪುವೂ ಅಳುತ್ತ, ಮೂಗು ಒರೆಸಿಕೊಳ್ಳುತ್ತ ಬೈಯುತ್ತಲೇ ಇದ್ದಳು. ಅವರಿಬ್ಬರ ನಡುವೆ ಜಗಳ ಆಗುತ್ತಿತ್ತು. ಅಕ್ಕನ ಬಾಯಿಂದ ಬಂದ ಒಂದೊಂದು ಮಾತೂ ತಾನು ಚಹಾದ ಅಂಗಡಿಯಲ್ಲಿ ಖಂಡಿಸಬಹುದಾದ ಮಾತು. ಆದರೂ ಆ ಜಗಳದಲ್ಲಿ ಇಬ್ರಾಹೀಮನಿಗೆ, ಅವನ ಬಣ್ಣಕ್ಕೆ, ಅವನು ಹೆಚ್ಚಿದ ದಪ್ಪ ಈರುಳ್ಳಿಗೆ ಜಾಗವಿತ್ತು. ರೌಫ ಆ ಜಾಗಕ್ಕಾಗಿ ಮಾತು ಹುಡುಕುತ್ತ ಬಾಗಿಲ ಚೌಕಟ್ಟಿಗೆ ಆತು ನಿಂತೇ ಇದ್ದ.

“ಅಬ್ಬಾ ಅದಾನ ಅಲ್ಲಿ?”

ಮುನ್ನಿ ಮೊಬೈಲನ್ನು ಅವನ ಕೈಗಿತ್ತಳು. ಮಗಳ ಮುಖ ಅಂಗೈಯಷ್ಟಾಯಿತು.

“ಅಬ್ಬಾ. ಫೋಟೋ ಯಾರು ಹಂಗ ಮಾಡಿದ್ರು?”

“ಸ್ಟುಡಿಯೋದವ ಮಾಡಿರ್ತಾನ ಬಿಡೇ,” ಎಂದು ಅಕ್ಕ ಕೂತಲ್ಲಿಂದಲೇ ಕೂಗಿದಳು. “ಅವರು ಎಲ್ಲಾರ ಮಾರೀನೂ ಹಂಗ ಮಾಡ್ತಾರ. ನನ್ನ ಆಧಾರ ಕಾರ್ಡಿನ ಫೋಟೋ ಒಂದ ಬಿಟ್ಟಾರ.”

“ಸ್ಟುಡಿಯೋದವ ಮಾಡಿದ,” ಅಂದ ರೌಫ. ಅದು ನಿಜ. ನಿಜದ ಮೇಲೆ ಕೂತು ವಿಶ್ರಮಿಸಬಹುದಿತ್ತು.

“ನೀ ನೋಡಿದಿ?”

ಮಗುವಿನ ಕನ್ನಡದಲ್ಲಿ ಕೇಳಿದ ಪ್ರಶ್ನೆಗೆ ಮಗ್ಗುಲಿರಲಿಲ್ಲ, ಸರಿದು ನಿಲ್ಲಲು ನೆರಳಿರಲಿಲ್ಲ. ಇಂಗ್ಲಿಷಿನಲ್ಲಿ ಕೇಳಿದ್ದರೆ ಅವನು ಏನಾದರೂ ವಿವರಿಸುತ್ತಿದ್ದ. ಊರಿನ ವಾಡಿಕೆ, ಆ ಹುಡುಗನ ಒಳ್ಳೆಯತನ, ಸಮಯದ ಅಭಾವ.

“ನೋಡಿದೆ,” ಅಂದ.

ಅವಳು ಅವನನ್ನು ನೋಡುತ್ತಲೇ ಇದ್ದಳು. ಹಿಂದೆ ಇಬ್ರಾಹೀಮ ನಲ್ಲಿ ತಿರುಗಿಸಿದ ಸದ್ದು, ಕೈ ತೊಳೆಯುವ ಸದ್ದು.

“ಆತು ಅಬ್ಬಾ,” ಅಂದಳು ಸಬೀನಾ. “ಇಮಾಮ್ ಸಾಹೇಬ್ರಿಗೆ ಹೇಳ್ತೀನಿ.”

ಪರದೆ ಆರಿತು. ಮುನ್ನಿ ಏನೂ ತಿಳಿಯದವಳಂತೆ ತಲೆ ತಗ್ಗಿಸಿ ದಬ್ಬಣ ಎತ್ತಿಕೊಂಡಳು. ಶಾಹಜಾದಬಿ ಸೆರಗಿನಿಂದ ಕಣ್ಣು ಒತ್ತಿಕೊಂಡು, ಚೌಕಟ್ಟನ್ನು ಮಗುಚಿ ನೆಲದ ಮೇಲಿಟ್ಟಳು.

“ಕೈಗವಸು ಅಂತ, ಕೈಗವಸು. ನಾ ಏನ್ ಕಚ್ತಿದ್ನೇನೋ ನಿನ್ನ? ಬೈತಿದ್ದೆ. ಬೈಸ್ಕೊಳ್ಳಾಕೂ ಆಗದಷ್ಟು ದೊಡ್ಡ ಮನುಷ್ಯಾ ಆದೇನು ಅಲ್ಲಿ ಹೋಗಿ?” ಆಮೇಲೆ ದನಿ ಇಳಿಸಿ ಕೇಳಿದಳು: “ಇಮಾಮ್ ಸಾಹೇಬ್ರಿಗೆ ಏನ್ ಹೇಳ್ತಾಳಂತ?”

“ನಿಕಾಹ್ ದಿನಾ ನನ್ನ ಕುರ್ಚಿ ಎಲ್ಲಿ ಹಾಕಬೇಕಂತ.”

“ಅದನ್ನೇನ್ ಹೇಳೂದು? ಮುಂದ ಹಾಕ್ತಾರ. ಹುಡುಗಿ ಅಪ್ಪ ನೀನು.”

“ಹೂಂ,” ಅಂದ ರೌಫ.